ಐದನೆಯ ಬೆಳಗಿನ ಚಿತ್ರ

ನಾಲಿಗೆ ಮತ್ತೆ ಅಲ್ಲಿಗೇ ಹೋಯಿತು. ಎಡಗಡೆಯ ಕೆಳದವಡೆಯಲ್ಲಿ, ಹಿಂದಿನಿಂದ ಎರಡನೆಯದಾಗಿ ಕೂತಿದ್ದ ಹೊಸ ಹಲ್ಲಿನ ಮೇಲೆ. ಕೂರಿಸಿ ಮೂರು ವಾರವಾದರೂ ಅದು ಮನೆಗೆ ಬಂದ ಬೀಗರ ಹಾಗೆ ಬಿಗಿದುಕೊಂಡೇ ಇತ್ತು. ಅಕ್ಕಪಕ್ಕದ ಹಲ್ಲುಗಳ ಜೊತೆ ಇನ್ನೂ ಮಾತು ಬೆಳೆದಿರಲಿಲ್ಲ. ಫೋನಿಟ್ಟು, ಅರ್ಧ ಕೆನ್ನೆಯಲ್ಲಿ ಉಳಿದ ನೊರೆಯೊಂದಿಗೆ ಮತ್ತೆ ಕನ್ನಡಿಯ ಮುಂದೆ ನಿಂತವನಿಗೆ, ಇವತ್ತು ಹನ್ನೊಂದು ಗಂಟೆಗೆ ತಾನು ತೊಂಬತ್ತು ಜನರ ಮುಂದೆ ಸುಳ್ಳು ಹೇಳಬೇಕಾಗಿರುವುದಕ್ಕೂ ಈ ಹಲ್ಲಿಗೂ ನೇರ ಸಂಬಂಧವಿದೆ ಅನ್ನಿಸಿತು. ಇತ್ತು ಕೂಡ. ಅದನ್ನು ಕೂರಿಸುತ್ತಿರುವಾಗಲೇ, ಅವನ ಬಾಯಲ್ಲಿ ಹತ್ತಿಯ ಉಂಡೆ, ಒಂದು ಕೊಳವೆ ಮತ್ತು ತನ್ನ ಎರಡು ಬೆರಳು ಇರುವಾಗಲೇ, ದಂತವೈದ್ಯೆ ತನ್ನ ಚಿತ್ರಸಂಘದ ವಿಷಯ ತೆಗೆದಿದ್ದಳು. ರಜೆಯ ದಿನಗಳಲ್ಲಿ ಐದು ಬೆಳಗು, ಐದು ಹಳೆಯ ರಜೆಯ ಚಿತ್ರಗಳು. ಒಂದು ಕಾಲದಲ್ಲಿ ರಜೆ ಶುರುವಾಗುವ ವಾರ ತೆರೆಗೆ ಬಂದು, ರಜೆ ಮುಗಿಯುವ ಮೊದಲೇ ಎಲ್ಲರ ನೆನಪಿನಿಂದ ಜಾರಿಹೋದಂಥವು. ಗ್ರಂಥಾಲಯದ ಮಹಡಿ ಸಿಕ್ಕಿದೆ. ಒಂದೊಂದು ಚಿತ್ರಕ್ಕೂ ಮೊದಲು ಹತ್ತು ನಿಮಿಷ ಯಾರಾದರೂ ಮಾತಾಡಬೇಕು; ಮೂವತ್ತು ವರ್ಷ ಪತ್ರಿಕೆಯಲ್ಲಿ ಸಿನಿಮಾ ಅಂಕಣ ಬರೆದ ತಮಗಿಂತ ತಕ್ಕವರು ಯಾರಿದ್ದಾರೆ, ಒಪ್ಪಿಗೆ ತಾನೇ ಎಂದು ಕೇಳಿದ್ದಳು. ಅವನ ಗಂಟಲಿನಿಂದ ‘ಆಂ’ ಎಂದು ಒಂದು ಸದ್ದು ಹೊರಟಿತು. ಅದು ಕೊಳವೆ ಒಸಡಿಗೆ ತಾಗಿದ್ದಕ್ಕೆ ಹೊರಟದ್ದು. ಅವಳು ಥ್ಯಾಂಕ್ಸ್ ಸಾರ್ ಎಂದು ಬೆರಳು ತೆಗೆದಳು.

ಹಾಗೆ ನೋಡಿದರೆ ಮೊದಲ ನಾಲ್ಕು ಬೆಳಗುಗಳು ಅವನ ಬದುಕಿನ ಒಳ್ಳೆಯ ಬೆಳಗುಗಳಾಗಿದ್ದವು. ಮೊದಲನೆಯ ದಿನದ ಚಿತ್ರದಲ್ಲಿ ಒಬ್ಬ ಸ್ಟೇಷನ್ ಮಾಸ್ತರ ಜೀವಮಾನದಲ್ಲೇ ಮೊದಲ ಸಲ ರಜೆ ಹಾಕುತ್ತಾನೆ. ಏನು ಮಾಡಬೇಕೆಂದು ತೋಚದೆ, ದಿನಾ ಟಿಕೆಟ್ ಕೊಂಡು ತನ್ನದೇ ಸ್ಟೇಷನ್ನಿನ ಬೆಂಚಿನಲ್ಲಿ ಬಂದು ಕೂರುತ್ತಾನೆ. ಎರಡನೆಯದರಲ್ಲಿ ಬೇಸಿಗೆ ರಜೆಗೆ ಮುಚ್ಚಿದ ಶಾಲೆಯ ಕಾವಲುಗಾರ ತರಗತಿಗಳನ್ನೆಲ್ಲ ಸದ್ದಿಲ್ಲದೆ ಹೋಟೆಲು ಮಾಡಿಬಿಡುತ್ತಾನೆ. ಭೂಗೋಳದ ಕೋಣೆಯಲ್ಲಿ ಇಳಿದುಕೊಂಡ ನವದಂಪತಿ ಗೋಡೆಯ ನಕ್ಷೆ ನೋಡಿ ಊರೂರು ಸುತ್ತುತ್ತಾರೆ. ಇಂಥದ್ದನ್ನೆಲ್ಲ ಹಿಂದೆ ಅವನು ನಾಲ್ಕು ಸಾಲಿನಲ್ಲಿ ಮುಗಿಸಿದ್ದ. ಈಗ ಕಬ್ಬಿಣದ ಮಡಚು ಕುರ್ಚಿಯ ಮೇಲೆ ಕೂತು, ಮಹಡಿಯ ಕಿಟಕಿಗಳಿಗೆ ಹೊದಿಸಿದ ಕಪ್ಪು ಬಟ್ಟೆಯ ಅಂಚಿನಿಂದ ನುಸುಳುವ ಬಿಸಿಲಿನಲ್ಲಿ ನೋಡುವಾಗ, ಆ ಮಾಸ್ತರ ಟಿಕೆಟ್ಟಿಗೆ ತಾನೇ ಮುದ್ರೆ ಒತ್ತಲು ಕೈ ಚಾಚಿ ಹಿಂದೆ ತೆಗೆದುಕೊಂಡ ಗಳಿಗೆಗೆ ಅವನು ಕುರ್ಚಿಯಲ್ಲಿ ಮುಂದಕ್ಕೆ ಬಾಗಿದ. ಅದೇ ಮಾಸ್ತರ ಮರುಗಳಿಗೆಯಲ್ಲಿ ತನ್ನ ಕಿರಿಯನಿಗೆ ಹಸಿರು ಬಾವುಟ ಹಿಡಿಯುವುದು ಹೇಗೆಂದು ಬೆಂಚಿನಿಂದಲೇ ಕೂಗಿ ಹೇಳಿಕೊಟ್ಟಾಗ ನಕ್ಕು ನಕ್ಕು ಕನ್ನಡಕ ತೆಗೆಯಬೇಕಾಯಿತು. ಮೊದಲ ದಿನ ನಲವತ್ತು ಜನ, ನಾಲ್ಕನೆಯ ದಿನ ತೊಂಬತ್ತು. ತರಕಾರಿ ಅಂಗಡಿಯಲ್ಲಿ ಅಪರಿಚಿತರೊಬ್ಬರು ಕುಂಬಳಕಾಯಿ ಕೆಳಗಿಟ್ಟು ಅವನ ಕೈ ಕುಲುಕಿದರು. ಪತ್ರಿಕೆಯಲ್ಲಿದ್ದಾಗ ಯಾರೂ ಹಾಗೆ ಕುಲುಕಿರಲಿಲ್ಲ. ಆಗ ಜನ ಅವನನ್ನು ಓದಿ ಟಿಕೆಟ್ಟು ಉಳಿಸಿಕೊಳ್ಳುತ್ತಿದ್ದರು, ಅಷ್ಟೆ.

ಐದನೆಯದು ‘ಹನ್ನೊಂದು ದಿನದ ಮನೆ’. ಕರಪತ್ರ ಅಚ್ಚಾಗಿ ಬಂದ ಮೇಲೆ ಆ ಹೆಸರು ನೋಡಿದ್ದ. ಕರಪತ್ರವನ್ನು ಮಡಚಿ ಜೇಬಿಗೆ ತುರುಕಿದ್ದ. ಆದರೆ ಚಿತ್ರದ ಪ್ರತಿ ಎಲ್ಲೂ ಸಿಗುತ್ತಿಲ್ಲವೆಂದು ದಂತವೈದ್ಯೆ ಹೇಳುತ್ತಲೇ ಇದ್ದಳು. ಅವನು ಛೆ, ಪಾಪ ಎನ್ನುತ್ತಲೇ ಇದ್ದ. ಆ ‘ಪಾಪ’ದಲ್ಲಿ ಎಷ್ಟು ನೆಮ್ಮದಿ ಇತ್ತೆಂಬುದು ಅವನಿಗೊಬ್ಬನಿಗೇ ಗೊತ್ತು. ಏಕೆಂದರೆ ಮೂವತ್ತೆರಡು ವರ್ಷದ ಹಿಂದೆ ಆ ಚಿತ್ರವನ್ನು ಅರ್ಧ ಕಾಲಂ ತುಂಬ ಜರೆದಿದ್ದವನು ಅವನು. ಮತ್ತು ಅದನ್ನು ಅವನು ನೋಡಿರಲಿಲ್ಲ.

ಬೆಳಿಗ್ಗೆ ಎಂಟಕ್ಕೆ ಫೋನು ಬಂದಾಗ ಅರ್ಧ ಕೆನ್ನೆ ಮಾತ್ರ ಬೋಳಿಸಿಯಾಗಿತ್ತು. ನೊರೆ ತಾಗದ ಕಿವಿಗೆ ಹೆಂಡತಿಯೇ ತಂದು ಹಿಡಿದಳು. ಪ್ರತಿ ಸಿಕ್ಕಿದೆಯೆಂದು ದಂತವೈದ್ಯೆಯ ದನಿ ಕುಣಿಯುತ್ತಿತ್ತು. ಚಿತ್ರದ ನಿರ್ದೇಶಕಿಯ ಹತ್ತಿರವೇ ಒಂದು ವಿಡಿಯೋ ಕ್ಯಾಸೆಟ್ಟು ಇತ್ತಂತೆ, ಬಟ್ಟೆಯ ಬೀರುವಿನಲ್ಲಿ. ಆಕೆಯೇ ತರುತ್ತಿದ್ದಾರಂತೆ, ಎಪ್ಪತ್ತೈದು ದಾಟಿದೆ, ಒಬ್ಬರೇ ಬಸ್ಸಿನಲ್ಲಿ ಬರುತ್ತಾರಂತೆ. ಸಾರ್ ಅವರ ಹಳೆಯ ವಿಮರ್ಶೆಯೂ ಗ್ರಂಥಾಲಯದ ಕಟ್ಟುಗಳಲ್ಲಿ ಸಿಕ್ಕಿತು, ಅದನ್ನೂ ಹಲಗೆಗೆ ಅಂಟಿಸಿದ್ದೇವೆ, ಆವತ್ತು ಹಾಗೆ ಬರೆದವರು ಇವತ್ತು ಏನು ಹೇಳುತ್ತಾರೆಂದು ಎಲ್ಲರಿಗೂ ಕುತೂಹಲ ಎಂದಳು. ಅವನಿಗೆ ಹೊಟ್ಟೆನೋವು ಹೇಳೋಣ ಅನ್ನಿಸಿತು. ತಲೆಸುತ್ತು ಹೇಳೋಣ ಅನ್ನಿಸಿತು. ಗಾಬರಿಯಲ್ಲಿ ಬಾಯಿಗೆ ಬಂದದ್ದು ಹಲ್ಲುನೋವು. ಹೇಳಿ ನಾಲಿಗೆ ಕಚ್ಚಿಕೊಂಡ. ಜಗತ್ತಿನಲ್ಲಿ ಅವಳೊಬ್ಬಳಿಗೆ ಹೇಳಬಾರದಿದ್ದ ನೆಪ ಅದು. ಬನ್ನಿ ಸಾರ್, ಅಲ್ಲೇ ನೋಡ್ತೀನಿ, ಟಾರ್ಚು ತರ್ತೀನಿ ಎಂದು ಫೋನಿಟ್ಟಳು.

ಅಂಗಿಯ ಜೇಬಿನಲ್ಲಿ ಭಾಷಣದ ಕಾಗದವಿತ್ತು. ಪ್ರತಿ ಸಿಕ್ಕರೆ ಇರಲಿ ಎಂದು ನಾಲ್ಕು ದಿನದ ಹಿಂದೆಯೇ ಬರೆದಿಟ್ಟುಕೊಂಡದ್ದು. ನೋಡದ ಚಿತ್ರದ ಬಗ್ಗೆ ಹೊಸದಾಗಿ ಏನು ಬರೆಯುವುದು? ಕತ್ತರಿಸಿಟ್ಟಿದ್ದ ತನ್ನ ಹಳೆಯ ವಿಮರ್ಶೆಯನ್ನೇ ಮುಂದಿಟ್ಟುಕೊಂಡು ಸಾಲುಸಾಲಾಗಿ ಮಗುಚಿ ಹಾಕಿದ್ದ. ‘ಕಥೆಗೆ ಬೆನ್ನೆಲುಬಿಲ್ಲ’ ಎಂಬಲ್ಲಿ ‘ಕಥೆಯ ಹಂಗಿಲ್ಲದ ಧೈರ್ಯ’ ಎಂದು. ‘ನಟರು ಸುಮ್ಮನೆ ಓಡಾಡುತ್ತಾರೆ’ ಎಂಬಲ್ಲಿ ‘ನಟಿಸದೆ ಬದುಕುತ್ತಾರೆ’ ಎಂದು. ‘ಕೊನೆಯಲ್ಲಿ ನಾಯಿಯನ್ನು ಸಾಯಿಸಿ ಕಣ್ಣೀರು ಹಿಂಡುವ ಯತ್ನ ಹಾಸ್ಯಾಸ್ಪದ’ ಎಂಬಲ್ಲಿ ‘ಆ ನಾಯಿಯ ಸಾವು ಇಂದು ನಮ್ಮನ್ನು ಮೌನವಾಗಿಸುತ್ತದೆ’ ಎಂದು. ಎಷ್ಟು ಸುಲಭವಾಗಿ ಮಗುಚಿಕೊಂಡವು ಆ ಸಾಲುಗಳು. ಮಗುಚಿದ ಮೇಲೂ ಅವು ಅಷ್ಟೇ ಚೆನ್ನಾಗಿ, ಅಷ್ಟೇ ದಿಟ್ಟವಾಗಿ ನಿಂತಿದ್ದವು. ಅದನ್ನು ನೋಡಿ ಅವನಿಗೆ ನಾಚಿಕೆಗಿಂತ ಹೆಚ್ಚಾಗಿ ಒಂದು ತರಹದ ಭಯ ಆಗಿತ್ತು: ನೋಡಿ ಬರೆದ ಮಿಕ್ಕ ಸಾವಿರ ವಿಮರ್ಶೆಗಳನ್ನೂ ಹೀಗೆ ಮಗುಚಿದರೆ ಯಾರಿಗಾದರೂ ಗೊತ್ತಾಗುತ್ತಿತ್ತೇ?

ಬಸ್ಸಿನಲ್ಲಿ ಹೆಂಡತಿ ಕಿಟಕಿಯ ಪಕ್ಕ ಕೂತಳು. ನಿವೃತ್ತ ಗಣಿತದ ಟೀಚರು ಅವಳು. ಎದುರಿಗೆ ಬರುವ ಬಸ್ಸುಗಳ ನಂಬರುಗಳನ್ನು ಮನಸ್ಸಿನಲ್ಲೇ ಭಾಗಿಸುತ್ತ ಕೂರುವುದು ಅಭ್ಯಾಸ. ಮೂರು ಸ್ಟಾಪು ಕಳೆದವು. ಆ ಚಿತ್ರಕ್ಕೆ ಹೋದ ದಿನವೂ ಹೀಗೇ ಸೆಕೆ ಇತ್ತು. ಚಿತ್ರಮಂದಿರದೊಳಗೆ ತಣ್ಣಗಿತ್ತು, ಕುರ್ಚಿಯ ಮಖಮಲ್ಲು ಹೊಸದು, ಪತ್ರಿಕೆಯವರಿಗೆಂದು ಮಧ್ಯಾಹ್ನ ಮೂರಕ್ಕೆ ಇಟ್ಟ ಪ್ರದರ್ಶನ. ಆ ವಾರ ನಾಲ್ಕು ಚಿತ್ರ ಬಂದಿದ್ದವು, ಇದು ನಾಲ್ಕನೆಯದು. ಪರದೆಯ ಮೇಲೆ ಒಂದು ಬೀಗ, ಅದಕ್ಕೆ ಹತ್ತಿರ ಬರುವ ಒಂದು ಕೈ, ಅಲ್ಲಿಯವರೆಗೆ ನೆನಪಿದೆ. ಆಮೇಲೆ ಯಾರೋ ಭುಜ ತಟ್ಟಿ, ಸಾರ್, ಗುಡಿಸಬೇಕು ಎಂದದ್ದು. ಹೊರಗೆ ಮೆಟ್ಟಿಲ ಮೇಲೆ ಇಬ್ಬರು ಸಿಗರೇಟು ಹಚ್ಚಿಕೊಂಡು ನಿಂತಿದ್ದರು. ಏನೇ ಹೇಳು, ನಾಯಿ ಸತ್ತಿದ್ದು ಅತಿಯಾಯಿತು ಎಂದು ಒಬ್ಬ ಅಂದ. ಅಷ್ಟು ಸಾಕಿತ್ತು. ಆರು ಗಂಟೆಗೆ ಲೇಖನ ಕೊಡಬೇಕಿತ್ತು, ಐದೂಮುಕ್ಕಾಲಿಗೆ ಕೊಟ್ಟ. ಹದಿನೈದು ನಿಮಿಷ ಮುಂಚೆ ಕೊಟ್ಟನೆಂದು ಸಂಪಾದಕರು ಬೆನ್ನು ತಟ್ಟಿದ್ದರು. ಚಿತ್ರ ಒಂದು ವಾರದಲ್ಲಿ ಎತ್ತಂಗಡಿಯಾಯಿತು. ಆ ನಿರ್ದೇಶಕಿ ಮತ್ತೆ ಚಿತ್ರ ಮಾಡಲಿಲ್ಲ. ಆ ಹೆಸರು ಮುಂದೆಂದೂ ಯಾವ ಪರದೆಯಲ್ಲೂ ಕಾಣದಿದ್ದಾಗ, ಪ್ರತಿ ವರ್ಷ ರಜೆಯ ವಾರದಲ್ಲಿ ಒಂದು ಸಲ, ಮುಳ್ಳು ಮುರಿದ ಜಾಗದ ಹಾಗೆ ಚುಳ್ಳೆನ್ನುತ್ತಿತ್ತು.

ಇದನ್ನೆಲ್ಲ ಅವನು ಮನಸ್ಸಿನಲ್ಲಿ ಅಂದುಕೊಳ್ಳುತ್ತಿದ್ದೇನೆಂದು ತಿಳಿದಿದ್ದ. ನಾಲ್ಕನೆಯ ಸ್ಟಾಪಿನಲ್ಲಿ ಹೆಂಡತಿ ತಿರುಗಿ ನೋಡುತ್ತಿರುವುದು ಕಂಡಾಗ, ತಾನು ಬಾಯಿಬಿಟ್ಟು ಹೇಳಿಬಿಟ್ಟಿದ್ದೇನೆಂದು ಗೊತ್ತಾಯಿತು. ಮುಂದಿನ ಸೀಟಿನವರೂ ಅರ್ಧ ತಿರುಗಿದ್ದರು. ಅವನು ದನಿ ತಗ್ಗಿಸಿ, ಆಗ ಮಗಳು ಎರಡು ತಿಂಗಳ ಕೂಸಲ್ಲವೇ, ರಾತ್ರಿಯೆಲ್ಲ ಎತ್ತಿಕೊಂಡು ತಿರುಗಿ ತಿರುಗಿ ನಿದ್ದೆಯಿರಲಿಲ್ಲ, ಅದಕ್ಕೇ ಹಾಗಾಯಿತು ಎಂದು ಸೇರಿಸಿದ. ಮೂವತ್ತೆರಡು ವರ್ಷ ಅವನನ್ನು ಕಾಪಾಡಿದ ಕಾರಣ ಅದು.

‘ರೀ,’ ಅಂದಳು ಅವಳು ಮೆಲ್ಲಗೆ. ‘ರಾತ್ರಿ ಎದ್ದು ಎತ್ಕೊಂಡು ತಿರುಗ್ತಿದ್ದಿದ್ದು ನಾನು. ನೀವು ಮನೇಲೂ ಮಲಗಿದ್ರಿ, ಅಲ್ಲೂ ಮಲಗಿದ್ರಿ.’

ಅವನು ಯೋಚಿಸಿದ. ಕತ್ತಲ ಕೋಣೆ, ತೋಳಿನಲ್ಲಿ ಕೂಸಿನ ಭಾರ, ಕಿಟಕಿಯಾಚೆ ಬೀದಿದೀಪ, ಎಲ್ಲ ಸ್ಪಷ್ಟವಾಗಿತ್ತು. ಆದರೆ ಆ ನೆನಪಿನಲ್ಲಿ ಕೂಸು ಅವನ ಕಡೆ ಮುಖ ಮಾಡಿರಲಿಲ್ಲ. ಆ ತೋಳು ಹೆಂಡತಿಯದು, ಅವನು ಅದನ್ನು ಹಾಸಿಗೆಯಿಂದ ನೋಡುತ್ತಿದ್ದ. ಹೆಂಡತಿ ನಗು ತಡೆದುಕೊಳ್ಳುತ್ತ ಹೊರಗೆ ನೋಡಿದಳು. ಇಳಿಯುವಾಗ ಅವನ ತೋಳು ಹಿಡಿದು, ಇವತ್ತಾದರೂ ಎಚ್ಚರವಾಗಿ ಕೂತಿರಿ ಎಂದಷ್ಟೇ ಹೇಳಿದಳು.

ಗ್ರಂಥಾಲಯದ ಮೆಟ್ಟಿಲ ಬಾಗಿಲಲ್ಲಿ ಹಲಗೆ ಇತ್ತು, ಹಲಗೆಯ ಮೇಲೆ ಅವನಿದ್ದ. ದೊಡ್ಡದು ಮಾಡಿ ಅಚ್ಚೊತ್ತಿದ್ದರಿಂದ ಅಕ್ಷರಗಳ ಅಂಚು ಒಡೆದು, ಪ್ರತಿ ವಾಕ್ಯವೂ ಅರಚುತ್ತಿರುವಂತೆ ಕಂಡಿತು. ಅದರ ಮುಂದೆ ಕುಳ್ಳನೆಯ ಮುದುಕಿಯೊಬ್ಬಳು ನಿಂತಿದ್ದಳು. ಕತ್ತರಿಸಿದ ಬಿಳಿಗೂದಲು, ಓಟಗಾರರು ಹಾಕುವಂಥ ನೀಲಿ ಬೂಟು, ಹೆಗಲಿನಿಂದ ಇಳಿಬಿದ್ದ ಚೀಲವನ್ನು ಎರಡೂ ಕೈಯಿಂದ ಹೊಟ್ಟೆಗೆ ಒತ್ತಿಕೊಂಡಿದ್ದಳು. ಆ ಹಿಡಿತ ನೋಡಿಯೇ ಒಳಗೆ ಚಿತ್ರವಿದೆಯೆಂದು ಅವನಿಗೆ ತಿಳಿಯಿತು. ಆಕೆ ತುಟಿ ಅಲುಗಿಸುತ್ತ ಓದಿ ಮುಗಿಸಿ, ಪಕ್ಕದಲ್ಲಿ ನಿಂತವನು ಇನ್ನೊಬ್ಬ ಪ್ರೇಕ್ಷಕನೆಂದುಕೊಂಡು, ಇದನ್ನು ಬರೆದವರೇ ಇವತ್ತು ಮಾತಾಡುತ್ತಾರಂತೆ ಎಂದಳು. ನಾನೇ ಎನ್ನಲು ಎರಡು ಅಕ್ಷರ ಸಾಕಿತ್ತು. ‘ಹೌದಂತೆ’ ಎಂದ ಅವನು. ಹಿಂದೆ ನಿಂತಿದ್ದ ಹೆಂಡತಿ ಕೆಮ್ಮಿದಳು. ಮುದುಕಿ ಮಾತ್ರ ನೀಲಿ ಬೂಟಿನಲ್ಲಿ ಚಕಚಕನೆ ಮೆಟ್ಟಿಲೇರಿ ಹೋದಳು.

ಮಹಡಿ ತುಂಬಿತ್ತು. ದಂತವೈದ್ಯೆ ಅವನನ್ನು ಕಂಬದ ಮರೆಗೆ ಎಳೆದು, ನಿಜವಾಗಿಯೂ ಟಾರ್ಚು ಬಿಟ್ಟು, ಬಾಯಿ ನೋಡಿ, ಏನೂ ಇಲ್ಲ ಸಾರ್, ಬರೀ ಹೆದರಿಕೆ ಎಂದಳು. ಆಮೇಲೆ ಎಲ್ಲರಿಗೂ ನಿರ್ದೇಶಕಿಯ ಪರಿಚಯ ಮಾಡಿಕೊಟ್ಟಳು: ಇದೊಂದೇ ಕಥಾಚಿತ್ರ ಮಾಡಿದವರು, ಆಮೇಲೆ ಇಪ್ಪತ್ತೈದು ವರ್ಷ ಶಾಲೆಗಳಲ್ಲಿ ತೋರಿಸುವ ರಸ್ತೆ ಸುರಕ್ಷತೆಯ ಚಿತ್ರಗಳನ್ನು ಮಾಡಿದರು, ನಾವೆಲ್ಲ ಬಲಕ್ಕೆ ನೋಡಿ, ಎಡಕ್ಕೆ ನೋಡಿ, ಮತ್ತೆ ಬಲಕ್ಕೆ ನೋಡಿ ರಸ್ತೆ ದಾಟುವುದು ಇವರಿಂದಲೇ ಕಲಿತದ್ದು. ಜನ ಚಪ್ಪಾಳೆ ತಟ್ಟಿದರು. ನಂತರ ಅವನ ಸರದಿ. ಅವನು ಎದ್ದು ಮುಂದೆ ಬಂದಾಗ ಮೊದಲ ಸಾಲಿನಲ್ಲಿದ್ದ ಆಕೆಯ ಹುಬ್ಬು ಮೇಲೇರಿತು. ಕೆಳಗೆ ‘ಹೌದಂತೆ’ ಎಂದ ಮನುಷ್ಯ.

ಕಾಗದ ಬಿಡಿಸಿದ. ಮೊದಲ ಸಾಲು ಕಣ್ಣೆದುರಿಗೇ ಇತ್ತು: ‘ಕಥೆಯ ಹಂಗಿಲ್ಲದ ಧೈರ್ಯ’. ಓದಬಹುದಿತ್ತು. ಓದಿದ್ದರೆ ಚಪ್ಪಾಳೆಯೂ ಬೀಳುತ್ತಿತ್ತು, ಈ ಆಕೆಯೂ ಬಹುಶಃ ಕಣ್ಣೊರೆಸಿಕೊಳ್ಳುತ್ತಿದ್ದಳು, ತರಕಾರಿ ಅಂಗಡಿಯಲ್ಲಿ ಇನ್ನಷ್ಟು ಕೈಗಳು ಸಿಗುತ್ತಿದ್ದವು. ಅವನನ್ನು ತಡೆದದ್ದು ಸತ್ಯದ ಮೇಲಿನ ಪ್ರೀತಿಯೇನಲ್ಲ. ಇಷ್ಟು ಮುದಿಯಾದ ಮೇಲೂ ಅದೇ ಚಿತ್ರವನ್ನು ಎರಡನೆಯ ಸಲವೂ ನೋಡದೆ ವಿಮರ್ಶಿಸುವುದು ಬಹಳ ಸೋಮಾರಿತನ ಅನ್ನಿಸಿತು. ಕಾಗದ ಮಡಚಿದ.

‘ಈ ಚಿತ್ರ ನಾನು ನೋಡಿಲ್ಲ,’ ಎಂದ. ‘ಆವತ್ತು ನಿದ್ದೆ ಮಾಡಿಬಿಟ್ಟೆ. ಕೆಳಗೆ ಹಲಗೇಲಿ ಇರೋದೆಲ್ಲ ನೋಡದೆ ಬರೆದಿದ್ದು.’

ಎಲ್ಲೋ ಒಂದು ಕುರ್ಚಿ ಕಿರುಗುಟ್ಟಿತು. ದಂತವೈದ್ಯೆಯ ಬಾಯಿ, ಅಷ್ಟು ಬಾಯಿಗಳನ್ನು ನೋಡಿದವಳ ಬಾಯಿ, ತೆರೆದೇ ಉಳಿಯಿತು. ತೊಂಬತ್ತು ಮುಖಗಳು ಅವನನ್ನು ನೋಡದೆ ಮೊದಲ ಸಾಲಿನ ಬಿಳಿಗೂದಲನ್ನು ನೋಡುತ್ತಿದ್ದವು.

‘ಗೊತ್ತು,’ ಅಂದಳು ಆಕೆ ಕೂತಲ್ಲಿಂದಲೇ. ‘ನನ್ನ ಚಿತ್ರದಲ್ಲಿ ನಾಯೀನೇ ಇಲ್ಲ.’

ಮೊದಲು ನಕ್ಕವಳು ಅವನ ಹೆಂಡತಿ. ಆ ನಗು ಅವನಿಗೆ ಚೆನ್ನಾಗಿ ಗೊತ್ತು, ಒಮ್ಮೆ ಶುರುವಾದರೆ ಅವಳ ಕೈಯಲ್ಲಿರುವುದಿಲ್ಲ. ಆಮೇಲೆ ಇಡೀ ಮಹಡಿ ನಕ್ಕಿತು. ಮೆಟ್ಟಿಲ ಮೇಲೆ ಸಿಗರೇಟು ಸೇದುತ್ತಿದ್ದ ಆ ಮನುಷ್ಯ ಯಾರ ಮನೆಯ ನಾಯಿಯ ಬಗ್ಗೆ ಮಾತಾಡುತ್ತಿದ್ದನೋ. ಎಲ್ಲಿ ಹೋಗಿ ನಿಲ್ಲಬೇಕೆಂದು ತಿಳಿಯದೆ ಅವನೂ ನಗುತ್ತಿದ್ದ. ಆಕೆ ಪಕ್ಕದ ಕುರ್ಚಿಯ ಮೇಲಿದ್ದ ಚೀಲ ತೆಗೆದು ನೆಲಕ್ಕಿಟ್ಟು, ಬನ್ನಿ ಎಂದು ಕೈ ಮಾಡಿದಳು. ದೀಪ ಆರಿತು. ಪರದೆಯ ಮೇಲೆ ಬೀಗ ಬಂತು. ಅದಕ್ಕೆ ಹತ್ತಿರ ಬರುವ ಕೈ. ಕತ್ತಲಲ್ಲಿ ಅವನು ಆಕೆಯ ಕಡೆ ಬಾಗಿ, ಕ್ಷಮೆ ಕೇಳಲು ಮಾತು ಹುಡುಕುತ್ತ, ನಿಮ್ಮ ಚಿತ್ರ ಮುಳುಗಿದ್ದು ನನ್ನಿಂದ ಎಂಬರ್ಥದ್ದೇನೋ ತೊದಲಿದ. ಆಕೆ ಪರದೆಯಿಂದ ಕಣ್ಣು ತೆಗೆಯದೆ ಪಿಸುಗುಟ್ಟಿದಳು.

‘ಅಯ್ಯೋ, ನೀವೊಬ್ರೇ ಏನಲ್ಲ. ಒಂಬತ್ತು ಜನ ಬರೆದಿದ್ರು. ಎಂಟು ಜನ ನೋಡಿ ಬೈದಿದ್ರು. ನನಗೆ ಆವತ್ತು ಸಮಾಧಾನ ಆಗಿದ್ದು ನಿಮ್ಮದು ಓದಿದಾಗ್ಲೇ. ಇವರು ನೋಡೇ ಇಲ್ಲ, ಇವರಿಗೆ ಇಷ್ಟ ಆಗುತ್ತೋ ಇಲ್ವೋ ಇನ್ನೂ ಗೊತ್ತಿಲ್ಲ, ಅಂದ್ಕೊಂಡೆ.’

ಅವನ ಎದೆಯಿಂದ ದೊಡ್ಡದೊಂದು ಭಾರ ಇಳಿಯಿತು. ಇಳಿದ ಜಾಗದಲ್ಲಿ, ನಾಚಿಕೆಗೇಡಿನ ವಿಷಯ, ಒಂದು ಸಣ್ಣ ನಿರಾಸೆ ಕೂತಿತು. ಮೂವತ್ತೆರಡು ವರ್ಷ ತಾನೊಬ್ಬನೇ ಮುಳುಗಿಸಿದೆನೆಂದು ಹೊತ್ತು ತಿರುಗಿದ್ದು ಒಂಬತ್ತರಲ್ಲಿ ಒಂದು ಪಾಲು. ಪಾಪದಲ್ಲೂ ತನ್ನನ್ನು ದೊಡ್ಡವನಾಗಿ ಮಾಡಿಕೊಂಡಿದ್ದನಲ್ಲ ಎಂದು ಯೋಚಿಸುತ್ತಿರುವಾಗಲೇ ಪರದೆಯ ಮೇಲಿನ ಬೀಗ ತೆರೆದು, ಹಿತ್ತಿಲಿನಿಂದ ಒಳಹೊಕ್ಕಿದ್ದ ಯಾರೋ ಒಳಗಿನಿಂದಲೂ ಬಾಗಿಲು ತೆರೆದರು, ಮತ್ತು ಅವನು ಯೋಚಿಸುವುದನ್ನು ಮರೆತ. ಕಡಲ ಬದಿಯ ಬಾಡಿಗೆ ಮನೆ. ಅದೇ ಹನ್ನೊಂದು ದಿನಕ್ಕೆ ಅದನ್ನು ಹಿಡಿದಿರುವ ಎರಡು ಸಂಸಾರಗಳು, ಒಟ್ಟು ಹದಿಮೂರು ಜನ, ಯಾರೂ ಬಿಟ್ಟುಕೊಡುವವರಲ್ಲ. ಅಡುಗೆಮನೆಯ ನಡುವೆ ಸೀಮೆಸುಣ್ಣದ ಗೆರೆ ಎಳೆಯುತ್ತಾರೆ. ಒಲೆ ಈ ಕಡೆ, ನಲ್ಲಿ ಆ ಕಡೆ. ಒಂದು ದೃಶ್ಯದಲ್ಲಿ ಎರಡೂ ಮನೆಯ ಸೊಸೆಯರು ಪಾತ್ರೆ ತೊಳೆಯುತ್ತಾರೆ, ಒಬ್ಬಳು ತೊಳೆದು ಕೊಡುವುದು, ಒಬ್ಬಳು ಒರೆಸಿ ಇಡುವುದು. ಒಂದೇ ಒಂದು ಮಾತಿಲ್ಲ. ಆದರೆ ತಟ್ಟೆ ಕೈ ಬದಲಾಗುವ ರಭಸದಲ್ಲೇ ಪೂರ್ತಿ ಜಗಳ ನಡೆಯುತ್ತದೆ, ಲೋಟಗಳಿಗೆ ಬರುವ ಹೊತ್ತಿಗೆ ತಣ್ಣಗಾಗುತ್ತದೆ, ಕೊನೆಯ ಚಮಚಕ್ಕೆ ಇಬ್ಬರೂ ನಗುತ್ತಾರೆ. ಇದನ್ನು ಅವನು ಮಲಗಿ ಕಳೆದುಕೊಂಡಿದ್ದ. ಮಳೆಗೆ ಮಾಡು ಸೋರಿ ಹದಿಮೂರೂ ಜನ ಒಂದೇ ಓಣಿಯಂಥ ನಡುಮನೆಯಲ್ಲಿ ಸಾಲಾಗಿ ಮಲಗಿ, ತುದಿಯವರು ಮಗ್ಗುಲು ಬದಲಿಸಿದರೆ ಎಲ್ಲರೂ ಬದಲಿಸಬೇಕಾದಾಗ, ಅವನು ಹೊಟ್ಟೆ ಹಿಡಿದುಕೊಂಡು ನಕ್ಕ. ಹಿಂದಿನ ಸಾಲಿನಲ್ಲಿ ಯಾರೋ ಅವನ ಕುರ್ಚಿಯ ಬೆನ್ನು ಹಿಡಿದು ನಗುತ್ತಿದ್ದರು, ಕುರ್ಚಿ ನಡುಗುತ್ತಿತ್ತು. ಪಕ್ಕಕ್ಕೆ ನೋಡಿದರೆ ಆಕೆ ಚಿತ್ರ ನೋಡುತ್ತಿರಲಿಲ್ಲ. ತಲೆ ಅರ್ಧ ತಿರುಗಿಸಿ, ಕತ್ತಲಲ್ಲಿ ಮುಖಗಳನ್ನು ನೋಡುತ್ತಿದ್ದಳು, ಮಕ್ಕಳು ರಸ್ತೆ ದಾಟುವುದನ್ನು ನೋಡುವ ಹಾಗೆ.

ದೀಪ ಹತ್ತಿದಾಗ ಜನ ಎದ್ದು ನಿಂತು ತುಂಬ ಹೊತ್ತು ಚಪ್ಪಾಳೆ ತಟ್ಟಿದರು. ಆಕೆಯ ಸುತ್ತ ಗುಂಪು ಕಟ್ಟಿತು, ಕರಗಿತು. ದಂತವೈದ್ಯೆ ಅವನ ಬಳಿ ಬಂದು, ಏನೂ ಹೇಳದೆ, ಮಗುವಿಗೆ ಮಾಡುವಂತೆ ಅವನ ಕೆನ್ನೆ ಒಮ್ಮೆ ತಟ್ಟಿ ಕುರ್ಚಿ ಮಡಚಲು ಹೋದಳು. ಕಿಟಕಿಯ ಕಪ್ಪು ಬಟ್ಟೆ ಒಂದೊಂದಾಗಿ ಇಳಿದು ಮಹಡಿಯಲ್ಲಿ ನಡುಹಗಲು ತುಂಬಿಕೊಂಡಿತು. ಆಗ ನಿರ್ದೇಶಕಿ ಅವನತ್ತ ತಿರುಗಿ, ಈಗ ಹೇಳಿ ಎಂದಳು. ಅಷ್ಟೇ.

ಅವನ ಬಾಯಿಗೆ ಹಳೆಯ ಮಾತುಗಳು ಸಾಲುಗಟ್ಟಿ ಬಂದವು: ಅಪೂರ್ವ, ಕಾಲವನ್ನು ಮೀರಿದ್ದು, ಮಾನವೀಯ. ಒಂದೊಂದನ್ನೂ ಎಷ್ಟು ಸಲ ಬಳಸಿದ್ದ, ಎಷ್ಟು ಸಲ ಎಚ್ಚರದಲ್ಲಿ ಬಳಸಿದ್ದ. ಪಾತ್ರೆ ತೊಳೆಯುವ ದೃಶ್ಯದ ಬಗ್ಗೆ ಹೇಳಿದ, ಲೋಟದ ಹೊತ್ತಿಗೆ ಜಗಳ ತಣ್ಣಗಾಗುವುದು ಹೇಗೆ ಕಂಡಿತೆಂದು ಹೇಳಿದ. ಆಕೆ ತಲೆದೂಗುತ್ತ ಇನ್ನೂ ಕಾಯುತ್ತಿದ್ದಳು. ಅವನು ಹೆಂಡತಿಯ ಕಡೆ ನೋಡದೆ ಹೇಳಿದ.

‘ಇಂಟರ್ವಲ್ ಆದ್ಮೇಲೆ ಬರೋ ದೋಣಿ ಸೀನು ಸ್ವಲ್ಪ ಉದ್ದ ಆಯ್ತು.’

ಹೆಂಡತಿ ಹಿಂದಿನಿಂದ ಅವನ ಮೊಣಕೈ ಚಿವುಟಿದಳು. ಆಕೆ ಅವನನ್ನೇ ನೋಡುತ್ತಿದ್ದಳು, ಮುಖದಲ್ಲಿ ಏನೂ ಓದಲಾಗಲಿಲ್ಲ. ಎಷ್ಟು ಎಂದು ಕೇಳಿದಳು. ಮೂರು ನಿಮಿಷ ಇರಬಹುದು ಎಂದ. ನಾಲ್ಕು ಎಂದಳು ಆಕೆ; ಸಂಕಲನ ಮಾಡುವಾತ ಆವತ್ತೇ ಹೇಳಿದ್ದ, ಆಕೆ ಹಟ ಹಿಡಿದು ಉಳಿಸಿಕೊಂಡಿದ್ದಳು; ಬೈದ ಎಂಟು ಜನರಲ್ಲಿ ಒಬ್ಬನೂ ಆ ದೋಣಿಯ ಹೆಸರೆತ್ತಲಿಲ್ಲ, ಸುಮ್ಮನೆ ಚಿತ್ರ ಚೆನ್ನಾಗಿಲ್ಲ ಎಂದರು; ಯಾಕೆ ಚೆನ್ನಾಗಿಲ್ಲ ಎಂದು ತಿಳಿಯದೆ ಆಕೆ ಇನ್ನೊಂದು ಮಾಡಲು ಹೆದರಿದಳು. ‘ನೀವು ಎಚ್ಚರ ಇದ್ದಿದ್ರೆ ಹೇಳ್ತಿದ್ರೇನೋ,’ ಎಂದಳು. ದೂರೇನಿರಲಿಲ್ಲ ದನಿಯಲ್ಲಿ, ಅದಕ್ಕೇ ಅದು ನೇರವಾಗಿ ಹೋಗಿ ತಾಗಿತು. ಆಕೆ ಮಡಚಿಟ್ಟಿದ್ದ ಒಂದು ಕುರ್ಚಿಯನ್ನು ಎಳೆದು ಮತ್ತೆ ಬಿಡಿಸಿದಳು, ಅವನಿಗೂ ಒಂದು ಬಿಡಿಸಿದಳು, ಚೀಲದಿಂದ ಪೆನ್ನು ತೆಗೆದಳು. ಕಾಗದ ಇರಲಿಲ್ಲ. ಅವನು ಜೇಬಿನಿಂದ ಭಾಷಣ ತೆಗೆದು ಹಿಂಬದಿ ತಿರುಗಿಸಿ ಕೊಟ್ಟ.

‘ಎಲ್ಲಿಂದ ಕತ್ತರಿಸ್ತೀರಿ?’

ಅವನು ಕಣ್ಣು ಮುಚ್ಚಿದ. ಮುದುಕ ದೋಣಿ ನೂಕುವುದು, ಎರಡು ಮನೆಯವರೂ ದಡದಲ್ಲಿ ಕೈ ಬೀಸುವುದು, ದೋಣಿ ದೂರ ಹೋಗುವುದು, ಹೋಗುತ್ತಲೇ ಇರುವುದು. ಒಂದೊಂದೂ ಇತ್ತು, ಅವನು ನೋಡಿದ್ದ. ದೋಣಿ ಅಲ್ಲಾಡಿದಾಗ ಎಂದು ಆಕೆ ಹೇಳುತ್ತಿದ್ದಳು, ಇಲ್ಲಾ ದಡದಲ್ಲಿರುವ ಅಜ್ಜಿ ಕೈ ಇಳಿಸಿದ ಮೇಲೆ. ಹೆಂಡತಿ ಮೂರನೆಯ ಕುರ್ಚಿ ಬಿಡಿಸಿಕೊಂಡು ಕೂತಳು. ಅದಲ್ಲ, ಅದಕ್ಕೂ ಮೊದಲು ಎಂದ ಅವನು, ಮುದುಕ ಹುಟ್ಟು ಎತ್ತುತ್ತಾನಲ್ಲ, ಅದು ಇನ್ನೂ ನೀರು ಮುಟ್ಟಿರುವುದಿಲ್ಲ. ಆಕೆಯೂ ಕಣ್ಣು ಮುಚ್ಚಿದಳು. ಪೆನ್ನು ಕಾಗದದ ಮೇಲೆ ನಿಂತಿತ್ತು. ಆಕೆಯ ರೆಪ್ಪೆಗಳ ಹಿಂದೆ ಆ ಮುದುಕ ಹುಟ್ಟು ಎತ್ತುವುದು ಅವನಿಗೂ ಕಾಣುವಂತಿತ್ತು.

‘ಹೂಂ,’ ಎಂದಳು ಆಕೆ. ‘ಅಲ್ಲೇ.’